ಪೂಜೆಯ ತಟ್ಟೆಯಲ್ಲಿದ್ದ ಬೀಗ

ನೀಲಗಂಗವ್ವನ ಸೈಕಲ್ ಕಳುವಾಗಿದೆ ಎಂದು ತಿಳಿದದ್ದು ದಸರೆಯ ದಶಮಿಯಂದು, ಬೆಳಗಿನ ಹೊತ್ತು. ಆಗ ನಾನು ದೇವರ ಮುಂದೆ ತಾಮ್ರದ ತಟ್ಟೆಯಲ್ಲಿ, ಮೈತುಂಬ ವಿಭೂತಿ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಚೆಂಡು ಹೂವು ಹೊತ್ತು ಕುಳಿತಿದ್ದೆ. ನಾನು ಒಂದು ಬೀಗ. ಆ ಸೈಕಲನ್ನು ಕಾಯುವುದೊಂದೇ ನನ್ನ ಕೆಲಸವಾಗಿತ್ತು.

ಅವಳ ಗಂಡ ಅಂದಾನಪ್ಪ ಹೊರಗಿನಿಂದ ಬಂದು ತಟ್ಟೆಯ ಮುಂದೆ ನಿಂತ. ನನ್ನನ್ನು ನೋಡಿದ. ಆಮೇಲೆ ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ ನೋಡಿದ. "ಇದನ್ನೂ ಒಯ್ದರು ನೋಡು" ಎಂದಷ್ಟೇ ಹೇಳಿದ.

ನನ್ನ ಹುಟ್ಟಿನ ಮಾತು ಹೇಳಿಬಿಡುತ್ತೇನೆ. ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣ ಕಾಸಿ, ಅಚ್ಚಿಗೆ ಸುರಿದು, ಅರದಿಂದ ಉಜ್ಜಿ ನನ್ನನ್ನು ಮಾಡಿದರು. ಕೊನೆಗೆ ಒಬ್ಬ ಮುದುಕ ಎರಡು ತೊಟ್ಟು ಎಣ್ಣೆ ಬಿಟ್ಟು, ಕೀಲಿಕೈ ಹಾಕಿ ತಿರುಗಿಸಿ, ಬಲವಾಗಿ ಜಗ್ಗಿ ನೋಡಿ "ಗಟ್ಟಿ ಐತಿ" ಎಂದ. ಅದೇ ನನ್ನ ನಾಮಕರಣ. ಅಲ್ಲಿಂದ ಲಾರಿ ಹತ್ತಿ ಗದುಗಿನ ಒಂದು ಅಂಗಡಿಗೆ ಬಂದು ಮೊಳೆಗೆ ನೇತುಬಿದ್ದೆ.

ನನ್ನನ್ನು ಕೊಂಡವಳು ಬಾಲವಾಡಿ ಟೀಚರ್ ನೀಲಗಂಗವ್ವ. ಹೊಸದಾಗಿ ಹಸಿರು ಬಣ್ಣದ ಲೇಡೀಸ್ ಸೈಕಲ್ ತೆಗೆದುಕೊಂಡಿದ್ದಳು. ನನ್ನ ಜೊತೆಗೆ ಒಂದು ಸರಪಳಿಯನ್ನೂ ಕೊಂಡು, ಬಣ್ಣ ಕೆರೆಯಬಾರದೆಂದು ಅದಕ್ಕೆ ಹಳೆಯ ಟ್ಯೂಬಿನ ಅಂಗಿ ತೊಡಿಸಿದಳು. ಸೈಕಲ್ ಕಲಿಯುವಾಗ ಅವಳಿಗೆ ನಲವತ್ತು ದಾಟಿತ್ತು. ಕಟ್ಟೆಯ ಮೇಲೆ ಕುಳಿತವರು "ಟೀಚರ್ ಬಾಯಾರ, ಸೀರಿ ಗಾಲ್ಯಾಗ ಸಿಕ್ಕೀತು" ಎಂದು ನಗುತ್ತಿದ್ದರು. ಅವಳು ಪೆಡಲ್ ತುಳಿಯುತ್ತಲೇ, "ಸೀರಿ ಸಿಕ್ಕರ ನಾ ಬಿಡಿಸ್ಕೋತೀನಿ. ನಿಮ್ಮ ಕಣ್ಣ ಸಿಕ್ಕಾವು, ಜ್ವಾಕಿ" ಎನ್ನುತ್ತಿದ್ದಳು.

ಬಾಲವಾಡಿಯ ಮುಂದೆ, ಸಂತೆಯಲ್ಲಿ, ಮಠದ ಬಾಗಿಲಲ್ಲಿ, ಎಲ್ಲಿ ಇಳಿದರೂ ನನ್ನನ್ನು ಹಾಕಿ, ಬೆರಳಿನಿಂದ ನನ್ನ ತಲೆ ತಟ್ಟಿ "ನಿನ್ನ ಮ್ಯಾಲ ಬಿಟ್ಟು ಹೊಂಟೀನಿ" ಎಂದು ಹೇಳಿ ಹೋಗುವುದು ಅವಳ ರೂಢಿ. ಬೀಗಕ್ಕೆ ಹೀಗೆ ಹೇಳಿ ಹೋಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೈಕಲ್ ಕಳುವಾಗುವ ಹಿಂದಿನ ವರ್ಷ ಅವಳು ಜ್ವರದಲ್ಲಿ ಲಿಂಗೈಕ್ಯಳಾದಳು. ಅಂದಾನಪ್ಪನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಬದುಕೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನು. ಆದರೂ ದಿನಾ ಬೆಳಗ್ಗೆ ಸೈಕಲನ್ನು ಹೊರಗೆ ತಂದು, ಹ್ಯಾಂಡಲ್ಲಿಗೆ ಕೈಚೀಲ ಹಾಕಿ, ಅದರ ಪಕ್ಕದಲ್ಲಿ ನಡೆದುಕೊಂಡು ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದ. ನೆರೆಮನೆಯ ಶಂಕ್ರವ್ವನ ನಾಲಿಗೆ ಹರಿತ. "ಕಾಕಾ, ನೀವು ಸೈಕಲ್ ಕರಕೊಂಡು ಹೊಂಟೀರೋ, ಅದು ನಿಮ್ಮನ್ನ ಕರಕೊಂಡು ಹೊಂಟೈತೋ?" ಎಂದು ಕೇಳುತ್ತಿದ್ದಳು. "ಇಬ್ಬರೂ ಕೂಡೇ ಹೊಂಟೇವಿ" ಎನ್ನುತ್ತಿದ್ದ ಅವನು.

ಇನ್ನು ಆ ನವಮಿಯ ಸಂಗತಿ. ನಮ್ಮ ಓಣಿಯಲ್ಲಿ ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ದಿನ, ದುಡಿಯುವ ವಸ್ತುವಿಗೆಲ್ಲ ರಜೆ. ಮಗ್ಗ, ಲಾಳಿ, ಕತ್ತರಿ, ಕೊಡಲಿ, ಎಲ್ಲವನ್ನೂ ತೊಳೆದು ಪೂಜಿಸಿದ ಮೇಲೆ ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಬೀಗವೂ ದುಡಿಯುವ ವಸ್ತುವೇ ಎಂದು ಹಿರಿಯರು ಯಾವಾಗಲೋ ತೀರ್ಮಾನಿಸಿದ್ದರು. ಹಾಗಾಗಿ ಆ ರಾತ್ರಿ ಓಣಿಯ ಬೀಗಗಳೆಲ್ಲ ದೇವರ ಮುಂದೆ, ಸೈಕಲ್ಲುಗಳೆಲ್ಲ ಬಾಗಿಲ ಮುಂದೆ ಬಾಳೆಕಂಬ ಕಟ್ಟಿಸಿಕೊಂಡು ಬರಿದೇ ನಿಂತಿರುತ್ತಿದ್ದವು. ಪೂಜೆಯ ರಾತ್ರಿ ಯಾರು ಕದಿಯುತ್ತಾರೆ ಎಂಬುದು ಎಲ್ಲರ ನಂಬಿಕೆ. ಕಳ್ಳನಿಗೂ ಆ ನಂಬಿಕೆ ಗೊತ್ತಿತ್ತು, ಅಷ್ಟೇ.

ನನಗೆ ಬಂದ ಸಿಟ್ಟು ಹೇಳತೀರದು. ನನ್ನನ್ನು ಗರಗಸದಿಂದ ಕೊಯ್ದು, ಸುತ್ತಿಗೆಯಿಂದ ಜಜ್ಜಿ ಸೈಕಲ್ ಒಯ್ದಿದ್ದರೆ ಕಾದಾಡಿ ಸತ್ತೆ ಎಂದುಕೊಳ್ಳುತ್ತಿದ್ದೆ. ಆ ಕಳ್ಳ ಬಾಳೆಕಂಬ ಬಿಚ್ಚಿ ಬದಿಗಿಟ್ಟು, ಸೈಕಲ್ ನಡೆಸಿಕೊಂಡು ಹೋಗುವಾಗ ನಾನು ಹೂವಿನ ಕೆಳಗೆ ಮೆರೆಯುತ್ತಿದ್ದೆ.

ಓಣಿಯವರು ಬಂದು ಸಮಾಧಾನ ಹೇಳಿದರು. ಹಳೆಯ ಸೈಕಲ್, ಹಬ್ಬದ ದಿನ ಮನಸ್ಸು ಕೆಡಿಸಿಕೊಳ್ಳಬೇಡಿ, ಅವ್ವನ ಋಣವೇ ಅಷ್ಟಿತ್ತು ಎಂದರು. ಅಂದಾನಪ್ಪ ಎಲ್ಲ ಕೇಳಿದ. ಠಾಣೆಗೆ ಹೋಗಿ ಹೇಳಿ ಬಂದ. ಸಂಜೆಗೆ ಬನ್ನಿ ಎಲೆಗಳನ್ನು ಚೀಲದಲ್ಲಿ ತುಂಬಿಕೊಂಡು, ಕುಂಕುಮ ಒರೆಸದೆಯೇ ನನ್ನನ್ನು ಸರಪಳಿಸಮೇತ ಹೆಗಲಿಗೆ ಹಾಕಿಕೊಂಡು ಹೊರಬಿದ್ದ.

"ಕಾಕಾ, ಬನ್ನಿ ಕೊಡಾಕ ಹೋಗೋರು ಕೀಲಿ ಯಾಕ ಹೊತ್ತೀರಿ?" ಎಂದು ಶಂಕ್ರವ್ವ ಕೇಳಿದಳು.

"ಕಳ್ಳ ಸೈಕಲ್ ತಿನ್ನಂಗಿಲ್ಲವ್ವಾ, ಮಾರತಾನ. ಕೊಳ್ಳೋ ಬಾಗಲಕ್ಕ ಕೀಲಿ ಹಾಕಿ ಬರತೀನಿ" ಎಂದ.

ದಶಮಿಯ ಸಂಜೆ ಬನ್ನಿ ಕೊಡಲು ಬಂದವನನ್ನು ಹಗೆಯವನೂ ಬಾಗಿಲಿನಿಂದಲೇ ಹಿಂದೆ ಕಳಿಸುವಂತಿಲ್ಲ. ಎಲೆ ತೆಗೆದುಕೊಂಡು, ಬಂಗಾರದ ಹಾಗೆ ಇರೋಣ ಎಂದು ಕೈ ಮುಗಿಯಲೇಬೇಕು. ಅಂದಾನಪ್ಪ ಬೀಗರ ಮನೆಗೆ ಹೋಗಲಿಲ್ಲ, ಮಠಕ್ಕೂ ಹೋಗಲಿಲ್ಲ. ಮೊದಲು ಹೋದದ್ದು ಸೈಕಲ್ ರಿಪೇರಿಯ ದಾವಲಸಾಬನ ಅಂಗಡಿಗೆ. ನೀಲಗಂಗವ್ವನ ಸೈಕಲ್ಲಿನ ಎಡ ಪೆಡಲ್ ಸೊಟ್ಟಗಿರುವುದನ್ನು ಅವನು ಕಣ್ಣು ಮುಚ್ಚಿ ಹೇಳಬಲ್ಲ. ಎಲೆ ಕಣ್ಣಿಗೆ ಒತ್ತಿಕೊಂಡು, ಊರಿನ ರಿಪೇರಿಯವರಿಗೆಲ್ಲ ತಾನೇ ಹೇಳುತ್ತೇನೆ ಎಂದು ಮಾತು ಕೊಟ್ಟ. ಅಲ್ಲಿಂದ ಮುಂದೆ ಒಂದೊಂದೇ ಗುಜರಿ ಅಂಗಡಿ. ಗೂಳಪ್ಪನ ಗುಜರಿ ಕೊನೆಯದು. ಬಂದದ್ದನ್ನೆಲ್ಲ ಕೇಳದೆ ಕೊಳ್ಳುವವನು ಎಂದು ಅವನ ಹೆಸರು.

"ಮುತ್ಯಾ, ಬಂಗಾರ ಕೊಡಾಕ ಬಂದು ಬೇಡಿ ತೋರಸ್ತಿ ಅಲ್ಲೋ" ಎಂದು ಗೂಳಪ್ಪ ನಕ್ಕ.

ಅಂದಾನಪ್ಪ ನಗಲಿಲ್ಲ. ಅವನ ಅಂಗೈಯಲ್ಲಿ ಎಲೆ ಇಟ್ಟು, ಬೆರಳು ಮಡಿಚಿ, ತನ್ನ ಎರಡೂ ಕೈಯಿಂದ ಹಿಡಿದ. "ಇದನ್ನ ಹಿಡದ ಕೈಲೆ ನನ್ನ ಹೆಂಡತಿ ಸೈಕಲ್ ಕೊಳ್ಳಬ್ಯಾಡ. ನಂದಷ್ಟ ಅಲ್ಲ, ಯಾರದೂ ಕದ್ದದ್ದು ಕೊಳ್ಳಬ್ಯಾಡ. ನೀ ಕೊಳ್ಳೋದ ಬಿಟ್ರ ಅವ ಕದಿಯೋದ ಬಿಡತಾನ."

ಗೂಳಪ್ಪನ ನಗು ಹೋಯಿತು. ಸಿಟ್ಟೂ ಬಂದಿರಬೇಕು. ಎಲೆ ಬಿಸಾಡುವಂತಿಲ್ಲವಲ್ಲ, ಎಲ್ಲರೂ ಮಾಡುವ ಹಾಗೆ ಗಲ್ಲಾಪೆಟ್ಟಿಗೆಯಲ್ಲಿ ಹಾಕಿಕೊಂಡ.

ಆಮೇಲೆ ಕಾಯುವ ದಿನಗಳು. ಅಂದಾನಪ್ಪ ಮಾರ್ಕೆಟ್ಟಿಗೆ ಹೋಗುವುದನ್ನೇ ಬಿಟ್ಟ. ಒಬ್ಬನೇ ಹೇಗೆ ನಡೆಯುವುದೆಂದು ಕಾಲಿಗೆ ಮರೆತಂತಿತ್ತು. ಶಂಕ್ರವ್ವ ರೊಟ್ಟಿ ತಂದಿಟ್ಟು, ತಿನ್ನುವವರೆಗೆ ಬೈಯುತ್ತ ಕೂರುತ್ತಿದ್ದಳು. ನಾನು ಕಿಟಕಿಯ ಸರಳಿಗೆ ತೂಗಿಕೊಂಡು ಓಣಿ ನೋಡುತ್ತಿದ್ದೆ.

ದೀಪಾವಳಿಯ ಮುಂಚೆ ಒಂದು ಮಧ್ಯಾಹ್ನ ಸೊಟ್ಟ ಪೆಡಲ್ ಸೈಕಲ್ಲಿನ ಚೌಕಟ್ಟಿಗೆ ತಾಗುವ ಟಕ್ ಟಕ್ ಸದ್ದು ಕೇಳಿತು. ಅಂದಾನಪ್ಪ ರೊಟ್ಟಿಯ ಕೈಯಲ್ಲೇ ಎದ್ದ. ಗೂಳಪ್ಪ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಗಂಟೆ ಇರಲಿಲ್ಲ, ಕ್ಯಾರಿಯರ್ ಇರಲಿಲ್ಲ, ಹಸಿರು ಮೈಗೆ ಕರಿ ಬಣ್ಣ ಬಳಿದಿದ್ದರು.

"ಯಾವನೋ ಪರಊರವ ತಂದಿದ್ದ" ಎಂದ ಗೂಳಪ್ಪ, ಕಟ್ಟೆಯ ಮೇಲೆ ಕೂರುತ್ತ. "ಎಲ್ಲಿ ಹೋದರೂ ಬ್ಯಾಡ ಅಂದಾರಂತ. ಸುಳ್ಳ ಯಾಕ ಹೇಳ್ಲಿ ಮುತ್ಯಾ, ನಾ ಕೊಳ್ಳಾವನ ಇದ್ದೆ. ರೊಕ್ಕಾ ತಗಿಯಾಕ ಗಲ್ಲಾದಾಗ ಕೈ ಹಾಕಿದೆ, ನಿನ್ನ ಎಲಿ ಕೈಗೆ ಹತ್ತಿತು. ಒಣಗಿತ್ತು, ಮುರದು ಅಂಗೈಗೆ ಅಂಟಿಕೊಂತು." ಅವನು ಪ್ಯಾಂಟಿಗೆ ಅಂಗೈ ಒರೆಸಿಕೊಂಡ. ಯಾರ ಸೈಕಲ್ಲೋ ಎಂದು ಗದರಿದ್ದಕ್ಕೆ ಆ ಮನುಷ್ಯ ಬಿಟ್ಟು ಓಡಿದನಂತೆ.

ಅಂದಾನಪ್ಪ ಅವನನ್ನು ಒಳಗೆ ಕರೆದು, ತನ್ನ ತಟ್ಟೆಯಲ್ಲಿದ್ದ ಇನ್ನೊಂದು ರೊಟ್ಟಿ ಕೊಟ್ಟ.

ಮುಂದಿನ ಖಂಡೇ ಪೂಜೆಯ ಹೊತ್ತಿಗೆ ದಾವಲಸಾಬ ಸೀಟಿನ ಕೆಳಗೆ ಉಳಿಯಿಂದ ನೀಲಗಂಗವ್ವನ ಹೆಸರು ಕೊರೆದಿದ್ದ. ಬರೀ ಗಾಲಿಗೆ ಸರಪಳಿ ಹಾಕಿದರೆ ಗಾಲಿ ಬಿಟ್ಟು ಮಿಕ್ಕದ್ದನ್ನು ಒಯ್ಯುತ್ತಾರೆ, ಚೌಕಟ್ಟಿನೊಳಗಿಂದ ತೂರಿಸಿ ಕಿಟಕಿಯ ಸರಳಿಗೆ ಸೇರಿಸಿ ಎಂದೂ ಹೇಳಿಕೊಟ್ಟಿದ್ದ. ನವಮಿಯ ಸಂಜೆ ಅಂದಾನಪ್ಪ ಹಾಗೆಯೇ ಮಾಡಿ, ನನ್ನನ್ನು ಗಟ್ಟಿಯಾಗಿ ಒತ್ತಿ ಹಾಕಿ, ಆರತಿ ತಟ್ಟೆಯನ್ನು ಹೊರಗೆ ತಂದ.

ಹಿರಿಯರು ತಕರಾರು ತೆಗೆದರು. ಪೂಜೆಯಾದ ಬೀಗವನ್ನು ದುಡಿಸಿದರೆ ದೇವಿಗೆ ಸಿಟ್ಟು ಬರುತ್ತದೆ, ಇಷ್ಟು ವರ್ಷ ಇಲ್ಲದ್ದು ಈಗೇನು ಎಂದರು.

"ದೇವಿ ಆಯುಧ ಕೆಳಗಿಟ್ಟು ನಿಂತದ್ದ ಯಾವ ಗುಡ್ಯಾಗ ನೋಡೀರಿ?" ಎಂದ ಅಂದಾನಪ್ಪ. "ಅಕಿ ಕೈಯಾಗ ಹಿಡದ ಪೂಜಾ ಮಾಡಿಸ್ಕೋತಾಳ. ನನ್ನ ಕೀಲೀನೂ ಹಂಗ."

ಶಂಕ್ರವ್ವ ಮನೆಯೊಳಗೆ ಹೋಗಿ ತನ್ನ ಮಗನ ಸೈಕಲ್ಲಿನ ಬೀಗವನ್ನು ತಟ್ಟೆಯಿಂದ ಎತ್ತಿ ತಂದಳು. ನೋಡನೋಡುತ್ತ ಓಣಿಯ ಉದ್ದಕ್ಕೂ ಬೀಗ ಬೀಳುವ ಸದ್ದು ಕೇಳಿಬಂತು. ಆ ಹೊತ್ತು ನನ್ನ ಹಣೆಗೆ ಬಿದ್ದ ಕುಂಕುಮದಂಥ ಕುಂಕುಮ ಮತ್ತೆ ಬೀಳಲಿಲ್ಲ. ಆ ರಾತ್ರಿಯೂ, ಅನಂತರದ ಯಾವ ನವಮಿಯಲ್ಲೂ ನಮ್ಮ ಓಣಿಯಿಂದ ಒಂದು ಸೈಕಲ್ಲೂ ಹೋಗಿಲ್ಲ.

ಈಗ ಅಂದಾನಪ್ಪನೂ ಇಲ್ಲ. ಒಂದು ಶ್ರಾವಣದಲ್ಲಿ ಮಾರ್ಕೆಟ್ಟಿನಿಂದ ಸೈಕಲ್ ನಡೆಸಿಕೊಂಡು ಬಂದು, ಬೀಗ ಹಾಕಿ, ಕಟ್ಟೆಯ ಮೇಲೆ ಕುಳಿತವನು ಏಳಲಿಲ್ಲ. ಅವನ ಮಾತಿನಂತೆ ಸೈಕಲ್ ಬಾಲವಾಡಿಯ ಹೊಸ ಟೀಚರಿಗೆ ಹೋಯಿತು. ಆಕೆ ಹೊಸ ಬೀಗ ತಂದಿದ್ದಾಳೆ. ನಾನು ಶಂಕ್ರವ್ವನ ಕಿಟಕಿಯ ಸರಳಿನಲ್ಲಿ ತುಕ್ಕು ಹಿಡಿದು ತೂಗುತ್ತಿದ್ದೇನೆ. ಎಣ್ಣೆ ಕಾಣದೆ ಎಷ್ಟೋ ಕಾಲವಾಯಿತು. ಆದರೂ ಕಳ್ಳನೇ, ಬೇಕಾದರೆ ಬಂದು ಜಗ್ಗಿ ನೋಡು. ನಾನಿನ್ನೂ ಬಾಯಿ ಬಿಡುವವನಲ್ಲ.

ಬೆಳಗ್ಗೆ ಟೀಚರ್ ಹಾದುಹೋಗುವಾಗ ಸೊಟ್ಟ ಪೆಡಲ್ ಟಕ್ ಟಕ್ ಎನ್ನುತ್ತದೆ. ಆಗ ನನಗೆ ಬರುವ ಒಂದೇ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತೇನೆ. ಶಿವನೇ, ಆ ತಾಯಿ ಎಲ್ಲಿ ಇಳಿದರೂ ನನ್ನ ಮೇಲೆ ಬಿಟ್ಟು ಹೋಗುತ್ತಿದ್ದಳು. ಈಗ ಅವಳನ್ನೂ, ಅವಳ ಪಕ್ಕದಲ್ಲಿ ನಡೆದು ಬಂದವನನ್ನೂ ನಿನ್ನ ಮೇಲೆ ಬಿಟ್ಟಿದ್ದೇನೆ. ಅವರಿಬ್ಬರ ಜೀವ ತಣ್ಣಗಿರಲಿ. ಚೆನ್ನಾಗಿ ಕಾಯಿ.