ಅಳಿಲು ಮಾರ್ಕಿನ ಕೂಸು

ಹನೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಸುತ್ತ ಯಾವ ಗೋಡೆ ನೋಡಿದರೂ ಅದರ ಮೇಲೆ ಚಿಕ್ಕಸಿದ್ದಯ್ಯನ ಕೈಕೆಲಸ ಇರುತ್ತಿತ್ತು. ಸೋಪು, ಬೀಡಿ, ಟೀ ಪುಡಿ, ಕೊಳ್ಳೇಗಾಲದ ಟೆಂಟಿನಲ್ಲಿ ಓಡುವ ಸಿನಿಮಾದ ರಾಜಕುಮಾರಿ, ಎಲ್ಲವೂ ಅವನ ಬ್ರಷ್ಷಿನಿಂದಲೇ ಇಳಿದವು. ಓದು ಬಾರದ ಜನಕ್ಕೆ ಹೆಸರು ಯಾಕೆ ಬೇಕು ಹೇಳಿ? ಅಂಗಡಿಗೆ ಹೋದರೆ ಗಿಣಿ ಮಾರ್ಕು ಕೊಡಿ, ಕುದುರೆ ಮಾರ್ಕು ಕೊಡಿ ಅನ್ನುವುದು. ಒಂದು ಸಲ ಚಿಕ್ಕಸಿದ್ದಯ್ಯ ಹಸಿರು ಬಣ್ಣ ಮುಗಿಯಿತೆಂದು ಗಿಣಿಯ ಬಾಲಕ್ಕೆ ಕೆಂಪು ಬಳಿದಿದ್ದ. ಆಮೇಲೆ ಅಂಗಡಿಗೆ ಬಂದ ನಿಜವಾದ ಸೋಪಿನ ಕಾಗದದಲ್ಲಿ ಗಿಣಿಯ ಬಾಲ ಹಸಿರಿದೆ, ಇದು ಕಲಬೆರಕೆ ಮಾಲು ಎಂದು ಹೆಂಗಸರು ಅದನ್ನು ವಾಪಸು ಕೊಟ್ಟು ಬಂದರು. ಅಂಗಡಿಯವನು ತಲೆ ಚಚ್ಚಿಕೊಂಡು ಗಿಣಿಯ ಬಾಲ ಸರಿಮಾಡಿಸಿದ.

ಹನೂರು, ಕೊಳ್ಳೇಗಾಲ ಎಲ್ಲ ಆಗಿನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಕಂಪನಿಯವರು ಕಳಿಸಿದ ಮಾದರಿಯಲ್ಲಿ ತಮಿಳು ಅಕ್ಷರ ಇದ್ದರೆ ಅದನ್ನೂ ಅವನು ಹೂವೋ ಬಳ್ಳಿಯೋ ಅನ್ನುವಂತೆ ನೋಡಿಕೊಂಡು ಬರೆದುಬಿಡುತ್ತಿದ್ದ. ಮನೆಯಲ್ಲಿ ಉಪ್ಪು ಟೀ ಡಬ್ಬಿಯಲ್ಲಿ, ಹುಣಸೆಹಣ್ಣು ಬಿಸ್ಕತ್ತಿನ ಡಬ್ಬಿಯಲ್ಲಿ. ಮಗಳು ಪುಟ್ಟಗೌರಮ್ಮನ ಟ್ರಂಕಿನಲ್ಲಿ ಸೀರೆಯ ಮಡಿಕೆಗೊಂದು ಸೋಪಿನ ಕಾಗದ, ವಾಸನೆಗೆ. ಹೆಂಡತಿ ರಾಚಮ್ಮ, ಡಬ್ಬಿ ಕೊಟ್ಟ ಕಂಪನಿಯವರು ಡಬ್ಬಿಯೊಳಗಿನದ್ದನ್ನೂ ಕೊಡಬಾರದಿತ್ತೇ ಎಂದು ಗಂಡನನ್ನು ಕಿಚಾಯಿಸುತ್ತಿದ್ದಳು.

ಆದರೆ ಸುತ್ತಿನ ಹಳ್ಳಿಗಳಲ್ಲಿ ಅವನಿಗಿಂತ ಹೆಚ್ಚು ಹೆಸರು ಪಡೆದವಳು ಅವನ ತಾಯಿ ದೊಡ್ಡಮಾದಮ್ಮ. ಎಳೆಗೂಸಿಗೆ ಬರೆ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಹೊಟ್ಟೆ ಉಬ್ಬರಿಸಿದರೆ, ಜ್ವರ ಬಂದರೆ, ಕೂಸು ಬಿಡದೆ ಅತ್ತರೆ, ಬಳೆಯ ಚೂರನ್ನು ಕೆಂಡದಲ್ಲಿ ಕಾಯಿಸಿ ಹೊಕ್ಕುಳ ಕೆಳಗೆ ಮೂರು ಕಡೆ ಮುಟ್ಟಿಸುವುದು. ಏನೂ ಇಲ್ಲದಿದ್ದರೂ, ತವರಿನಿಂದ ಬಾಣಂತಿ ಗಂಡನ ಮನೆಗೆ ಹೊರಡುವ ಮುಂಚೆ ಒಂದು ಸಲ ಮುಟ್ಟಿಸಲೇಬೇಕು. ಬರೆಯಿಲ್ಲದ ಕೂಸನ್ನು ಬಾಲಗ್ರಹ ಹುಡುಕಿಕೊಂಡು ಬರುತ್ತದೆ ಎಂಬ ನಂಬಿಕೆ. ದೊಡ್ಡಮಾದಮ್ಮ ಕ್ರೂರಿಯಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕೂಸು ಕಿರುಚಿದಾಗ ಅವಳ ಕಣ್ಣಲ್ಲೂ ನೀರು ಬರುತ್ತಿತ್ತು. ಸುಟ್ಟ ಜಾಗಕ್ಕೆ ಬೆಣ್ಣೆ ಸವರಿ, ಎದೆಗವಚಿಕೊಂಡು, ಸುಮ್ಮನಾಗುವ ತನಕ ಹಾಡು ಹೇಳುತ್ತಿದ್ದಳು. ಯಾರಿಂದಲೂ ವೀಳ್ಯದೆಲೆ ಬಿಟ್ಟು ಬೇರೇನೂ ಮುಟ್ಟಿದವಳಲ್ಲ.

ಅದೇ ಕೈ ಚಿಕ್ಕಸಿದ್ದಯ್ಯನ ಮೊದಲ ಮಗ ಮಾದೇವನಿಗೂ ಬರೆ ಹಾಕಿತ್ತು. ಆ ಕೂಸಿಗೆ ಬಂದದ್ದು ಬರಿಯ ಜ್ವರ. ಬರೆ ಹುಣ್ಣಾಯಿತು, ಹುಣ್ಣು ಕೀವಾಯಿತು, ಹೊಟ್ಟೆಯೆಲ್ಲ ಊದಿಕೊಂಡು, ಕೊನೆಕೊನೆಗೆ ಅಳುವುದಕ್ಕೂ ಶಕ್ತಿಯಿಲ್ಲದೆ ಕಣ್ಣು ಮುಚ್ಚಿತು. ಬರೆ ಹಾಕಿದ್ದು ತಡವಾಯಿತು ಎಂದಳು ದೊಡ್ಡಮಾದಮ್ಮ. ಊರೂ ಹೌದೆಂದಿತು. ರಾಚಮ್ಮ ಮಾತ್ರ ಏನೂ ಅನ್ನಲಿಲ್ಲ. ಅವಳು ಆ ಮಾತನ್ನು ಆವತ್ತಿನಿಂದ ಎತ್ತಿರಲೇ ಇಲ್ಲ.

ಈಗ ಪುಟ್ಟಗೌರಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣುಕೂಸು ಹೆತ್ತಿದ್ದಳು. ಕೂಸು ಗುಂಡುಗುಂಡಾಗಿ, ಎತ್ತಿಕೊಂಡವರ ಕೆನ್ನೆ ಚೀಪುತ್ತ ಆಡಿಕೊಂಡಿತ್ತು. ಬಾಣಂತನ ಮುಗಿಯುತ್ತ ಬಂದಂತೆ ಅಜ್ಜೀಪುರದಿಂದ ಅವಳ ಅತ್ತೆ ಚಾಮುಂಡಮ್ಮ ಹೇಳಿಕಳಿಸಿದಳು: ಒಳ್ಳೆಯ ದಿನ ನೋಡಿ ಕಳಿಸಿಕೊಡಿ, ದೊಡ್ಡವ್ವನ ಕೈಯಲ್ಲಿ ಬರೆ ಹಾಕಿಸಿಯೇ ಕಳಿಸಿ. ಅದನ್ನು ಕೇಳಿದ ಮೇಲೆ ಪುಟ್ಟಗೌರಮ್ಮನಿಗೆ ಅನ್ನ ಸೇರದಾಯಿತು. ಅಪ್ಪನ ಮುಖ ನೋಡುವಳು, ಕೂಸಿನ ಹೊಟ್ಟೆ ಸವರುವಳು. ಚಿಕ್ಕಸಿದ್ದಯ್ಯನಿಗೆ ಅವಳ ಸಂಕಟ ಅರ್ಥವಾಗುತ್ತಿತ್ತು. ಆದರೆ ಹೆತ್ತ ತಾಯಿಗೆ ಎದುರು ಹೇಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಆಗಲೇ ಕೊಳ್ಳೇಗಾಲದ ವರ್ತಕ ಶಿವರುದ್ರಸ್ವಾಮಿಯವರಿಂದ ಕೆಲಸ ಬಂತು. ಅವರು ಹೊಸದಾಗಿ ಅಳಿಲು ಮಾರ್ಕು ಗ್ರೈಪ್ ವಾಟರಿನ ಏಜೆನ್ಸಿ ಹಿಡಿದಿದ್ದರು. ಕಂಪನಿಯ ಕ್ಯಾಲೆಂಡರಿನಲ್ಲಿ ಬರಿಮೈಯ ಕೂಸೊಂದು ಸೀಸೆ ಹಿಡಿದು ನಗುತ್ತಿತ್ತು, ಪಕ್ಕದಲ್ಲಿ ಅಳಿಲು. ಅದನ್ನೇ ಆಳೆತ್ತರಕ್ಕೆ ಬಸ್ ನಿಲ್ದಾಣದ ಗೋಡೆಗೆ ಇಳಿಸಬೇಕು. ಚಿಕ್ಕಸಿದ್ದಯ್ಯ ಅಂಥ ಶ್ರದ್ಧೆಯಿಂದ ಬೇರೆ ಯಾವ ಬೋರ್ಡನ್ನೂ ಬರೆದಿರಲಿಲ್ಲ. ಊಟಕ್ಕೆ ಕರೆದರೂ ಏಣಿಯಿಂದ ಇಳಿಯಲಿಲ್ಲ. ಬಸ್ಸಿಗೆ ಕಾದವರು ಬಸ್ಸು ತಪ್ಪಿಸಿಕೊಂಡು ನಿಂತು ನೋಡಿದರು.

ಸ್ವಾಮಿಯವರು ಬಸ್ಸಿಳಿದು ನೋಡಿ, ಭಲೇ ಸಿದ್ದಯ್ಯ ಎಂದು ಬೆನ್ನು ತಟ್ಟಿದರು. ಆಮೇಲೆ ಹತ್ತಿರ ಹೋಗಿ ಹುಬ್ಬು ಗಂಟಿಕ್ಕಿದರು.

“ಹೊಟ್ಟೆ ಮೇಲೆ ಇವೇನಯ್ಯ, ಮೂರು ಚುಕ್ಕಿ?”

“ಯಾವ ಚುಕ್ಕಿ ಸಾ? ಕೂಸಿನ ಒಟ್ಟೆ ಅಲ್ವಾ ಅದು?”

ಅವನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಸುತ್ತ ನಿಂತವರಿಗೂ ಗೊತ್ತಾಗಲಿಲ್ಲ. ಅದಿಲ್ಲದೆ ಹೋದರೆ ಕೂಸು ಅಂತ ಯಾರು ನಂಬುತ್ತಾರೆ ಎಂದು ಒಬ್ಬ ಕೇಳಿಯೂ ಬಿಟ್ಟ. ಸ್ವಾಮಿಯವರು ಕ್ಯಾಲೆಂಡರು ಬಿಚ್ಚಿ ತೋರಿಸಿದರು. ಅಲ್ಲಿದ್ದ ಹೊಟ್ಟೆ ಆಗತಾನೆ ಕಡೆದ ಬೆಣ್ಣೆಯ ಹಾಗಿತ್ತು. ಚಿಕ್ಕಸಿದ್ದಯ್ಯ ಅಚ್ಚು ಅಳಿಸಿಹೋಗಿದೆಯೋ ಎಂಬಂತೆ ಬೆರಳಿನಿಂದ ಉಜ್ಜಿ ನೋಡಿದ. ಕೈಗೆ ಬೆರಳು, ಬೆರಳಿಗೆ ಉಗುರು ಬರೆಯುವ ಹಾಗೆ ಕೂಸಿಗೆ ಬರೆಯನ್ನೂ ಬರೆದುಬಿಟ್ಟಿದ್ದ.

ಸ್ವಾಮಿಯವರು ನಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ತಮ್ಮ ಹೊಟ್ಟೆಯನ್ನೇ ತೋರಿಸಿದರು. ಅಲ್ಲೂ ಮೂರು ಕಲೆ. ತಮ್ಮ ಬೆನ್ನಿಗೆ ಹುಟ್ಟಿದ ತಂಗಿಗೂ ಹಾಕಿಸಿದ್ದರು, ಅವಳು ಉಳಿಯಲಿಲ್ಲ ಎಂದರು. ಉಳಿದವರನ್ನು ಬರೆ ಉಳಿಸಿತು ಅನ್ನುತ್ತೇವೆ, ಸತ್ತವರಿಗೆ ಬರೆ ತಡವಾಯಿತು ಅನ್ನುತ್ತೇವೆ, ಹೀಗೆ ಎರಡು ಕಡೆಯೂ ಬರೆಯನ್ನೇ ಗೆಲ್ಲಿಸಿದರೆ ಕೂಸಿನ ಪರವಾಗಿ ಮಾತಾಡುವವರು ಯಾರು ಎಂದು ಕೇಳಿದರು. ಯಾರೋ, ಹಾಗಾದರೆ ನಿಮ್ಮ ಸೀಸೆ ಕುಡಿಸಿದರೆ ಜ್ವರ ಹೋದೀತಾ ಎಂದು ಕೆಣಕಿದರು. ಜ್ವರ ಬಂದರೆ ನನ್ನ ಸೀಸೆಯನ್ನೂ ನಂಬಬೇಡಿ, ಸೀದಾ ಕಾಮಗೆರೆ ಆಸ್ಪತ್ರೆಗೆ ಹೋಗಿ ಎಂದರು ಸ್ವಾಮಿಯವರು. ತನ್ನ ಮಾಲನ್ನೇ ನಂಬಬೇಡಿ ಅನ್ನುವ ವ್ಯಾಪಾರಸ್ಥನನ್ನು ಜನ ಅವತ್ತೇ ಮೊದಲು ಕಂಡದ್ದು. ಅವರು ಚಿಕ್ಕಸಿದ್ದಯ್ಯನಿಗೆ, ಚಿತ್ರ ಸರಿಮಾಡು ಎಂದಷ್ಟೇ ಹೇಳಿ ಮುಂದಿನ ಬಸ್ಸಿಗೆ ಹೊರಟರು.

ಚಿಕ್ಕಸಿದ್ದಯ್ಯ ಮೈಬಣ್ಣ ಕಲಸಿ ಚುಕ್ಕಿಗಳ ಮೇಲೆ ಬಳಿದ. ಬ್ರಷ್ಷು ಮುಟ್ಟಿಸಿದರೆ ಹೋಯಿತು, ಅಷ್ಟೇ ಕೆಲಸ. ತನ್ನ ಮಾದೇವನ ಹೊಟ್ಟೆಯೂ ಇಷ್ಟು ಸುಲಭವಾಗಿ ವಾಸಿಯಾಗಿದ್ದರೆ ಈಗ ಬಣ್ಣದ ಡಬ್ಬಿ ಹಿಡಿದು ಏಣಿಯ ಕೆಳಗೆ ನಿಂತಿರುತ್ತಿದ್ದ ಅನ್ನಿಸಿತು. ಏಣಿಯ ಮೇಲೆಯೇ ಅವನು ಮುಖ ಗೋಡೆಗಿಟ್ಟು ಅತ್ತ. ಕೆಳಗಿದ್ದವರು ಕಣ್ಣಿಗೆ ಬಣ್ಣ ಬಿತ್ತೇನೋ ಅಂದುಕೊಂಡರು.

ಮನೆಗೆ ಬಂದಾಗ ಹಜಾರದಲ್ಲಿ ಕೆಂಡದ ಅಗ್ಗಿಷ್ಟಿಕೆ ಸಿದ್ಧವಾಗಿತ್ತು. ಬೆಳಗಾದರೆ ಪುಟ್ಟಗೌರಮ್ಮ ಹೊರಡಬೇಕು. ಅವಳು ಕೂಸನ್ನು ಅವಚಿಕೊಂಡು ಮೂಲೆಗೆ ಒತ್ತಿಕೊಂಡಿದ್ದಳು. ದೊಡ್ಡಮಾದಮ್ಮ ಬಳೆಯ ಚೂರು ಆರಿಸುತ್ತಿದ್ದಳು.

“ಬ್ಯಾಡ ಕಣವ್ವ,” ಎಂದ ಚಿಕ್ಕಸಿದ್ದಯ್ಯ.

ದೊಡ್ಡಮಾದಮ್ಮ ತಲೆಯೆತ್ತಲಿಲ್ಲ. “ನಿನ್ ಒಟ್ಟೆ ಮ್ಯಾಲೂ ನನ್ ಕೈ ಗುರ್ತೇ ಅದೆ ಕಣ್ಲಾ. ಸತ್ತೋದ್ಯಾ?”

“ಬದುಕ್ದೋನು ನಾನು ಮಾತಾಡ್ತಿವ್ನಿ. ಸತ್ತೋನು ಬಂದು ಏನಂತಾನೆ ಅಂತ ಯೋಳವ್ವ.”

ಮುದುಕಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮಾದೇವನಿಗೆ ತಡವಾಗಿ ಹಾಕಿದ್ದಕ್ಕೇ ಹಾಗಾಯಿತು, ಅದಕ್ಕೇ ಇದಕ್ಕೆ ಹೊತ್ತಿಗೆ ಮುಂಚೆ ಹಾಕುತ್ತಿದ್ದೇನೆ ಎಂದಳು. ಹೂಗ್ಯಂನಿಂದ ಹಿಡಿದು ಕಾಮಗೆರೆಯ ತನಕ ಜನ ಕಾಲಿಗೆ ಬೀಳುತ್ತಾರೆ, ಹೊಟ್ಟೆಯಲ್ಲಿ ಹುಟ್ಟಿದ ನೀನು ಕೊಲೆಗಾತಿ ಅನ್ನುತ್ತೀಯ ಎಂದು ಹಾಡಿಕೊಂಡು ಅತ್ತಳು. ತನ್ನ ಅತ್ತೆ, ಅವಳ ಅತ್ತೆ ಎಲ್ಲರೂ ಹಾಕಿಕೊಂಡು ಬಂದದ್ದಲ್ಲವೇ ಎಂದಳು. ಅಳುತ್ತಲೇ ಚೂರನ್ನು ಇಕ್ಕಳದಲ್ಲಿ ಹಿಡಿದು ಕೆಂಡಕ್ಕಿಟ್ಟಳು. ಕೂಸನ್ನು ಕೊಡು ಎಂದು ಕೈ ಚಾಚಿದಳು.

ಆಗ ರಾಚಮ್ಮ ಅಡಿಗೆಮನೆಯಿಂದ ನೀರಿನ ಬಿಂದಿಗೆ ಹೊತ್ತು ಬಂದಳು. ನೇರ ಅಗ್ಗಿಷ್ಟಿಕೆಗೆ ಬಗ್ಗಿಸಿದಳು. ಕೆಂಡ ಚುಂಯ್ ಎಂದಿತು, ಮನೆ ತುಂಬ ಬೂದಿ ಹಾರಿತು.

“ನಂದ್ ಒಂದು ಕೊಟ್ಟಿವ್ನಿ ಅತ್ತೆ,” ಎಂದಳು. “ಇದ್ನ ಕೊಡಾಕಿಲ್ಲ.”

ಇಷ್ಟು ವರ್ಷದಲ್ಲಿ ಅವಳು ಅತ್ತೆಗೆ ಎದುರಾಡಿದ ಮಾತು ಅದೊಂದೇ. ದೊಡ್ಡಮಾದಮ್ಮ ಎದ್ದುಹೋಗಿ ಜಗಲಿಯ ಮೇಲೆ ಕುಳಿತಳು. ಊಟಕ್ಕೆ ಎಬ್ಬಿಸಿದರೂ ಬರಲಿಲ್ಲ.

ಬೆಳಿಗ್ಗೆ ಎಲ್ಲರೂ ಬಸ್ಸಿಗೆ ಹೊರಟಾಗ ಅವಳೂ ಹಿಂದೆಯೇ ಬಂದಳು. ಬರೆ ಹಾಕದಿದ್ದರೂ ಮರಿಮಗಳನ್ನು ಕಳಿಸಿಕೊಡದೆ ಇರಲಾರಳು. ನಿಲ್ದಾಣದಲ್ಲಿ ಗೋಡೆಯ ಮುಂದೆ ಹೋಗಿ ನಿಂತವಳು ಅಲ್ಲಿಂದ ಕದಲಲಿಲ್ಲ.

“ಯಾರ್ ಕೂಸ್ಲಾ ಇದು?”

“ಕಂಪನಿಯೋರ್ದು ಕಣವ್ವ.”

“ಕಂಪನಿಯೋರ್ದಲ್ಲ. ಇದು ನಮ್ ಮಾದೇವ.”

ಚಿಕ್ಕಸಿದ್ದಯ್ಯ ಗೋಡೆಯತ್ತ ತಿರುಗಿದ. ಅವಳು ಹೇಳಿದ್ದು ನಿಜ. ಮುಂದಕ್ಕೆ ಬಾಗಿದ ಆ ಕಿವಿಗಳು ಕ್ಯಾಲೆಂಡರಿನಲ್ಲಿ ಇರಲಿಲ್ಲ. ಒಂದೇ ಕೆನ್ನೆಯಲ್ಲಿ ಬೀಳುವ ಗುಳಿ ಇರಲಿಲ್ಲ. ಅಷ್ಟು ಹೊತ್ತು ಏಣಿಯ ಮೇಲೆ ನಿಂತು ಅವನು ಬರೆದದ್ದು ತನ್ನ ಮಗನನ್ನು. ಅದು ಅವನಿಗೇ ಗೊತ್ತಾಗಿರಲಿಲ್ಲ. ರಾಚಮ್ಮ ಸೆರಗು ಬಾಯಿಗೊತ್ತಿಕೊಂಡಳು. ದೊಡ್ಡಮಾದಮ್ಮ ಕೈಯೆತ್ತಿ ಕೂಸಿನ ಹೊಟ್ಟೆ ಮುಟ್ಟಿದಳು. ಬಣ್ಣ ಇನ್ನೂ ಹಸಿಯಾಗಿದ್ದು ಅವಳ ಬೆರಳಿಗೆ ಹತ್ತಿತು.

“ಇಂಗೇ ಇತ್ತಲ್ವಾ ಒಟ್ಟೆ, ನಾನ್ ಸುಡಾಕ್ ಮುಂಚೆ,” ಎಂದಳು.

ಬಸ್ಸು ಬಂದಾಗ ಎಲ್ಲರಿಗಿಂತ ಮೊದಲು ಹತ್ತಿದವಳು ಅವಳೇ. ಎಲ್ಲಿಗೆ ಅವ್ವ ಎಂದು ಮಗ ಕೇಳಿದರೆ, ಅಜ್ಜೀಪುರಕ್ಕೆ, ನಿನ್ನ ಬೀಗಿತ್ತಿಯ ಮುಂದೆ ನೀನೊಬ್ಬ ನಿಂತರೆ ಆಗುತ್ತದೆಯೇ ಎಂದಳು.

ಅಜ್ಜೀಪುರದಲ್ಲಿ ಚಾಮುಂಡಮ್ಮ ಬೀಗರಿಗೆ ಕಾಲಿಗೆ ನೀರು ಕೊಟ್ಟು, ಕೂಸಿಗೆ ದೃಷ್ಟಿ ತೆಗೆದು ಒಳಗೆ ಕರೆದಳು. ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡು ಮುದ್ದಾಡಿ, ಆಮೇಲೆ ಬಟ್ಟೆ ಸರಿಸಿ ನೋಡಿದಳು. ಅವಳ ಮುಖ ಸಣ್ಣದಾಯಿತು. ಕೇರಿಯ ಹೆಂಗಸರು ಬಾಗಿಲಲ್ಲಿ ಕೂಡಿದ್ದರು. ಗುರುತು ಎಲ್ಲಿ ದೊಡ್ಡವ್ವ ಎಂದಳು. ಪುಟ್ಟಗೌರಮ್ಮ ಕೂಸಿನ ಕಡೆ ಕೈ ಚಾಚಿದಳು. ಇವತ್ತು ತಪ್ಪಿದ್ದು ನಾಳೆ ಈ ಮನೆಯಲ್ಲೇ ಆಗಿಬಿಡಬಹುದು.

ದೊಡ್ಡಮಾದಮ್ಮ ನಡುಮನೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಅಲ್ಲಿಂದಲೇ ಮಾತಾಡಿದಳು.

“ಆಕ್ನಿಲ್ಲ. ಇನ್ ಆಕಾಕೂ ಇಲ್ಲ. ನನ್ ಮೊಮ್ಮಗ ಜರದಿಂದ ಸತ್ತ ಅಂದ್ಕಂಡಿದ್ದೆ ಕಣವ್ವ. ಸತ್ತಿದ್ದು ಈ ಕೈಯಿಂದ. ಇನ್ನೆಷ್ಟು ಜನ್ರ ಮನೇಲಿ ಅಂಗಾಯ್ತೋ, ಅವರು ನನ್ ಕಾಲಿಗೆ ಬಿದ್ದೋದ್ರು. ಈ ಕೂಸ್ಗೆ ಮೈ ಕಾದ್ರೆ ಕಾಮಗೆರೆ ಆಸ್ಪತ್ರೆಗೆ ಓಗಿ. ನಂಗೂ ಯೋಳ್ಕಳ್ಸಿ, ಎತ್ಕಂಡು ಓಗಾಕೆ ನಾನೂ ಬತ್ತೀನಿ.”

ಬರೆ ಹಾಕುವ ದೊಡ್ಡಮಾದಮ್ಮನೇ ಈ ಮಾತು ಆಡಿದ ಮೇಲೆ ಎದುರು ಹೇಳುವವರು ಯಾರು? ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು ತನ್ನ ಕಂಕುಳ ಕೂಸಿನ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಚಾಮುಂಡಮ್ಮ ಮೊಮ್ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ತನ್ನ ಎರಡನೆಯ ಮಗನ ಬರೆ ಒಂದು ಮಳೆಗಾಲ ಪೂರ್ತಿ ಒಣಗಿರಲಿಲ್ಲ, ಬೇಡ ಅನ್ನಬಹುದು ಅಂತ ಆಗ ತನಗೆ ಹೇಳುವವರು ಇರಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಹೇಳಿ, ಬಟ್ಟೆ ಸರಿಮಾಡಿ ಕೂಸನ್ನು ಎದೆಗೊರಗಿಸಿಕೊಂಡಳು.

ಚಿಕ್ಕಸಿದ್ದಯ್ಯ ಗೋಡೆಗೊರಗಿ ಕುಳಿತು ಮನಸ್ಸಿನಲ್ಲೇ ಒಬ್ಬೊಬ್ಬರಿಗೂ ಕೈಮುಗಿದ. ತಪ್ಪು ಹಿಡಿದ ಸ್ವಾಮಿಯವರಿಗೆ, ಯಾವ ಊರಿನವನೋ ಕ್ಯಾಲೆಂಡರು ಬರೆದ ಆ ಪುಣ್ಯಾತ್ಮನಿಗೆ, ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತ ಹೆಂಡತಿಗೆ. ತಾಯಿಯ ಕಡೆ ತಿರುಗಿದಾಗ ಅವನಿಗೆ ನೋಟ ಮಸುಕಾಯಿತು.

ಪುಟ್ಟಗೌರಮ್ಮ ಎದ್ದುಬಂದು ಅಜ್ಜಿಯ ಪಾದಕ್ಕೆ ತಲೆಯಿಟ್ಟಳು. ಮುದುಕಿ ಕಾಲು ಹಿಂದಕ್ಕೆ ಎಳೆದುಕೊಂಡಳು.

“ನಂಗ್ಯಾಕ್ ಮಗಾ? ನೀನು ಕೂಸ್ನ ಬುಡ್ನಿಲ್ಲ, ನಿಮ್ಮವ್ವ ನೀರು ಉಯ್ದ್ಲು. ನಾನ್ ಏನೂ ಮಾಡ್ನಿಲ್ಲ.”

“ನೀನು ಏನೂ ಮಾಡ್ದೆ ಇದ್ದಿದ್ಕೇ ಅಜ್ಜಿ,” ಎಂದಳು ಪುಟ್ಟಗೌರಮ್ಮ.

ದೊಡ್ಡಮಾದಮ್ಮ ಬಾಯಿಬಿಟ್ಟು ಅತ್ತಳು. ಚಾಮುಂಡಮ್ಮ ಎದ್ದುಬಂದು ಕೂಸನ್ನು ಅವಳ ಮಡಿಲಿಗೆ ಹಾಕಿದಳು.