ಕದಿರಮ್ಮನ ಬಾದಾಮಿ ಮರ

ಕೆಂಪಗೆ ಹಣ್ಣಾದ ಎಲೆಯೊಂದು ಬಸ್ಸಿನ ಕಿಟಕಿಗೆ ಬಡಿದು ಹಾರಿಹೋಯಿತು, ಬಾದಾಮಿಯದೇ, ರಾಬರ್ಟ್‌ಸನ್‌ಪೇಟೆ ಬಂತೇನೋ, ಗಂಗರತ್ನ ಬ್ಯಾಗನ್ನು ತೊಡೆಗೆಳೆದುಕೊಂಡಳು, ಬೆಂಗಳೂರಿನ ಪ್ರಯೋಗಾಲಯದಲ್ಲಿ ಇಷ್ಟು ದಿನ ಅರೆದದ್ದು ಇದೇ ಎಲೆ, ಅಂಗಡಿಯ ಬಾದಾಮಿಯಲ್ಲ, ಕಲ್ಲಲ್ಲಿ ಜಜ್ಜಿ ತಿನ್ನುವ ಕಾಡುಬಾದಾಮಿ, ಅರೆದು, ಡಿಎನ್‌ಎ ತೆಗೆದು, ಜೆಲ್‌ನಲ್ಲಿ ಓಡಿಸಿ ನೋಡಿದರೆ ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನ ಮರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಗೆರೆಗಳು, ಒಂದೇ ತಾಯಿಮರದ ಮಕ್ಕಳಿರಬೇಕು, ದೊಡ್ಡಮ್ಮ ಕದಿರಮ್ಮನ ಮನೆ ಮುಂದಿನದೊಂದೇ ಬೇರೆ — ಎಲೆ ಕೀಳುವಾಗಲೇ ದೊಡ್ಡಮ್ಮ ಕೇಳಿದ್ದಳಲ್ಲ, ಇದು ಎಲ್ಲೀದು ಅಂತ ಆ ಮಿಷಿನ್ನು ಯೋಳ್ತದಾ, ಮದುವೆಯಾದ ಹೊಸದರಲ್ಲಿ ದೊಡ್ಡಪ್ಪ ಮುನಿಶಾಮಿ ಹೇಳದೆ ಕೇಳದೆ ಹೋಗಿ, ತಿಂಗಳು ಕಳೆದು, ಜೇಬಲ್ಲಿ ಒಂದು ಬಾದಾಮಿ ಕಾಯಿ ಇಟ್ಟುಕೊಂಡು ಬಂದನಂತೆ, ತೂತುಕುಡಿಗೆ ಕೆಲಸ ಹುಡುಕಿ ಹೋಗಿದ್ದೆ, ಸಮುದ್ರದ ದಡದಲ್ಲಿ ಸಿಕ್ಕಿತು ಅಂದನಂತೆ, ಅದನ್ನೇ ಮನೆ ಮುಂದೆ ನೆಟ್ಟಳಂತೆ ದೊಡ್ಡಮ್ಮ, ಲೈನಿನವರು ನಕ್ಕರು, ಯಾವ ಸಮುದ್ರಾನೇ ಕದಿರಮ್ಮ, ಇಲ್ಲೇ ಆಂಡರ್ಸನ್‌ಪೇಟೇಲಿ ಇನ್ನೊಬ್ಬಳ ಮನೇಲಿದ್ದ ಕಣೇ, ಆಮೇಲೆ ಅವನು ಗಣಿಯೊಳಗೆ ಸತ್ತ, ನಗು ಸಾಯಲಿಲ್ಲ, ನಲ್ಲಿಯ ಹತ್ತಿರ ಯಾರಾದರೂ ಸಮುದ್ರ ಅಂದರೆ ಸಾಕು, ದೊಡ್ಡಮ್ಮ ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಬಂದುಬಿಡುತ್ತಿದ್ದಳು, ಆಟೋ ಹತ್ತಿದರೂ ಅದೇ ಯೋಚನೆ, ಗೆರೆ ಬೇರೆ, ಸರಿ, ಎಲ್ಲಿಯದು ಅಂತ ಹೇಗೆ ಹೇಳುವುದು, ತೂತುಕುಡಿಯ ಎಲೆಯನ್ನು ತಾನು ಅರೆದೇ ಇಲ್ಲ, ಆಂಡರ್ಸನ್‌ಪೇಟೆಯದನ್ನೂ ಇಲ್ಲ — ಹೌದು, ಸಮುದ್ರದ ಕಡೆಯದೇ ಅಂದುಬಿಡಲೇ, ಒಂದು ಮಾತು, ಯಾರಿಗೇನು ನಷ್ಟ — ಮರದ ಕೆಳಗೆ ದೊಡ್ಡಮ್ಮ ರಾಗಿ ಕೇರುತ್ತಿದ್ದಾಳೆ, ಏನಂತು ರತ್ನಾ ನಿನ್ ಮಿಷಿನ್ನು, ನಿನ್ ಮರ ಬೇರೆ ದೊಡ್ಡಮ್ಮ, ಈ ಲೈನಿಂದಲ್ಲ, ಅಂಗಾದ್ರೆ ಅವ್ನು ಸಮುದ್ರಕ್ಕೆ ಓಗಿದ್ದು ದಿಟ, ಹೌದು ಅನ್ನುವುದು ನಾಲಗೆಯ ತುದಿಗೆ ಬಂದಿತ್ತು, ಅದು ಗೊತ್ತಾಗಲ್ಲ ದೊಡ್ಡಮ್ಮ, ಬೇರೆ ಕಡೇದು, ಅಷ್ಟೇ, ಮೊರ ನಿಂತಿತು, ಈಗ ಬೈಯುತ್ತಾಳೆ, ಇಲ್ಲ, ಅಳುತ್ತಾಳೆ, ಅದೂ ಇಲ್ಲ — ಬ್ಯಾರೆ ಕಡೇದು ಅಂದ್ಯಲ್ಲ, ಅಷ್ಟು ಸಾಕು ಬುಡು, ಎಲ್ಲಿಗಾರ ಓಗಿರ್ಲಿ, ನಂಗೇಂತ ಒಂದು ತಂದ್ನಲ್ಲ, ಎದ್ದು ಬುಡದಲ್ಲಿ ಬಿದ್ದ ಒಣಗಾಯಿ ಆರಿಸಿ, ಕಲ್ಲೆತ್ತಿ ಜಜ್ಜಿ, ತಿನ್ನೇ ಅಂತ ಕೈ ಚಾಚಿದಳು, ಒಡೆದ ಹಿಮ್ಮಡಿಯಂತೆ ಬಿರುಕುಬಿಟ್ಟ ಅಂಗೈ, ಅದರ ನಡುವೆ ಬಿಳಿ ಬೀಜ, ಗಂಗರತ್ನ ಬ್ಯಾಗನ್ನು ನೆಲಕ್ಕಿಟ್ಟು ಕೈಯೊಡ್ಡಿದಳು, ಅಂಗೈ, ಬಿಳಿ ಬೀಜ, ಅಂಗೈ —