ತಿಮ್ಮಪ್ಪನ ಹೆಸರಿನಲ್ಲಿ ಓಡುತ್ತಿದ್ದದ್ದು

ಊದುಬತ್ತಿ ಹಚ್ಚಲು ಮೂರನೇ ಕಡ್ಡಿ ಗೀರುವಾಗ ಶ್ರೀಪತಿಯ ಜೇಬಿನಲ್ಲಿ ಫೋನು ನಡುಗಿತು. ಮಲೇಷ್ಯಾದ ಪೆಟಾಲಿಂಗ್ ಜಯಾದ ಚಿತಾಗಾರದ ಹಜಾರದಲ್ಲಿ ಫ್ಯಾನು ಜೋರಾಗಿತ್ತು; ಕಡ್ಡಿ ಹತ್ತುತ್ತಲೇ ಆರಿತು. ಎದುರಿನ ಪೆಟ್ಟಿಗೆಯಲ್ಲಿ ತಿಮ್ಮಪ್ಪ ಮಲಗಿದ್ದ. ಐವತ್ತೆರಡು ವರ್ಷ. ಕೊರೋನಾ ಅಲ್ಲ, ಹೃದಯಾಘಾತ. ಆದರೂ ಲಾಕ್‌ಡೌನ್ ಕಾರಣ ಒಳಗೆ ಬಿಟ್ಟದ್ದು ಕೆಲವರನ್ನಷ್ಟೇ: ಹೆಂಡತಿ ಜಲಜಾ, ಮಗಳು ವಿಸ್ಮಯಾ, ಪುರೋಹಿತರು, ಆಫೀಸಿನ ಪರವಾಗಿ ಶ್ರೀಪತಿ.

ಸಂದೇಶ ಮ್ಯಾನೇಜರ್ ರಮಾನಂದರದು. 'ತಿಮ್ಮಪ್ಪನ ಲಾಗಿನ್ ಹನ್ನೆರಡಕ್ಕೆ ತೆಗೀತಾರೆ. ಅವನ ಸ್ವಿಚ್ ಆಫ್ ಪ್ರೋಗ್ರಾಮೂ ಅದರ ಜೊತೆ ಹೋಗುತ್ತೆ. ಒಳ್ಳೇದೇ ಆಯ್ತು.'

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಯಾರೂ ಬಳಸದೆ ಸುಮ್ಮನೆ ಕರೆಂಟು ತಿನ್ನುವ ಅರವತ್ತು ಸರ್ವರ್‌ಗಳನ್ನು ದಿನಾ ಸಂಜೆ ಏಳಕ್ಕೆ ಆರಿಸುವ ಪುಟ್ಟ ಪ್ರೋಗ್ರಾಮು ಅದು. ಇಂಥದ್ದಕ್ಕೆ ಕಂಪನಿಯ ಹೆಸರಿನಲ್ಲಿ ಬೇರೆ ಲಾಗಿನ್ ಕೇಳಬೇಕು. ಕೇಳಿದರೆ ಬೇಡವೆಂದಾರು ಎಂದು ತಿಮ್ಮಪ್ಪ ಕೇಳಲೇ ಇಲ್ಲ. ತನ್ನ ಹೆಸರಿನಲ್ಲೇ ಓಡಿಸಿಬಿಟ್ಟಿದ್ದ.

"ಏನ್ ಶ್ರೀಪತಿ, ಆಫೀಸಿಂದಾನಾ?" ಜಲಜಾ ಕೇಳಿದರು.

"ಹೂಂ ಜಲಜಕ್ಕ. ಏನಿಲ್ಲ."

ತುಮಕೂರಿನ ನೆಂಟರಿಗೆ ಕಾಣಲೆಂದು, ಮಲೇಷ್ಯಾದಲ್ಲೇ ಬೆಳೆದ ವಿಸ್ಮಯಾ ಫೋನನ್ನು ಎತ್ತಿ ಹಿಡಿದಿದ್ದಳು. "ಅಮ್ಮಾ, ಫಾರ್ಟಿ ಪೀಪಲ್, ಎಲ್ಲರ್ದೂ ವಿಡಿಯೋ ಆನ್ ಲಾ. ಅಪ್ಪ ವುಡ್ ಸ್ಕೋಲ್ಡ್, ಕರೆಂಟ್ ವೇಸ್ಟ್ ಅಂತ."

"ಬೈಯೋರೇ. ರೈಸ್ ಕುಕ್ಕರ್ ಆಫ್ ಮಾಡದೆ ಬಿಟ್ರೂ ಬೈಯೋರು. ಎಲ್ಲೋ ಕಲ್ಲಿದ್ದಲು ಸುಡ್ತಾ ಇದೆ ಕಣೇ, ನಿನ್ನ ತಂಗಳನ್ನ ಬೆಚ್ಚಗಿಡೋಕೆ ಅಂತ." ಜಲಜಾ ನಕ್ಕರು, ನಗು ಅರ್ಧಕ್ಕೇ ನಿಂತಿತು. "ಶ್ರೀಪತಿ, ಒಂದ್ ಮಾತು ಕೇಳ್ಲಾ? ಇವರು ಆಫೀಸಲ್ಲಿ ಏನು ತಪ್ಪು ಮಾಡಿದ್ರು? ಮೀಟಿಂಗಲ್ಲಿ ಇವರ ಶುಕ್ರವಾರದ ಮಾತು ನಿಲ್ಲಿಸಿದ್ಮೇಲೆ ಮನೇಲೂ ಮಾತು ಕಮ್ಮಿ ಮಾಡ್ಬಿಟ್ರು. ಕೇಳಿದ್ರೆ, ನನ್ನಿಂದ ಡೆಮೋ ಹಾಳಾಯ್ತು ಅನ್ನೋರು."

ಶ್ರೀಪತಿ ಆರಿದ ಕಡ್ಡಿಯನ್ನು ಬೆರಳಲ್ಲಿ ಹೊರಳಿಸುತ್ತ ನಿಂತ.

*

ಪ್ರತಿ ಶುಕ್ರವಾರದ ಮೀಟಿಂಗಿನಲ್ಲಿ ಕೊನೆಯ ಹತ್ತು ನಿಮಿಷ ತಿಮ್ಮಪ್ಪನ ಕರೆಂಟು ಉಳಿಸುವ ಮಾತಿಗೆ ಮೀಸಲು. "ನಿಮ್ಮ ಪ್ರೋಗ್ರಾಮು ಸೆಕೆಂಡಿಗೊಂದ್ಸಲ ಸರ್ವರನ್ನ ಕೇಳುತ್ತಲ್ಲ, ಬಂತಾ, ಬಂತಾ ಅಂತ. ಮಾಮಕ್ ಟೀ ಅಂಗಡೀಲಿ ಹಂಗೆ ಕೇಳಿನೋಡಿ, ಟೀನ ತಲೆ ಮೇಲೆ ಸುರೀತಾನೆ. ರೆಡಿಯಾದಾಗ ಅವನೇ ಕರೀತಾನೆ, ಕಾಯ್ರಪ್ಪಾ."

'ಕರೆಂಟ್ ಗುರು' ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು. ಆದರೂ ಒಬ್ಬೊಬ್ಬರೇ ಗುಟ್ಟಾಗಿ ತಮ್ಮ ಕೋಡು ತಿದ್ದಿಕೊಂಡಿದ್ದರು. ಶ್ರೀಪತಿಯೂ.

ಹೋದ ವರ್ಷ, ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದಾಗ, ಜರ್ಮನಿಯ ಗ್ರಾಹಕರಿಗೆ ಸಂಜೆ ಏಳೂಕಾಲಿಗೆ ಡೆಮೋ ಇತ್ತು. ಆರಿಸಬಾರದ ಸರ್ವರಿಗೆ 'ಕೀಪ್' ಎಂದು ಗುರುತು ಹಾಕಬೇಕು. ಶ್ರೀಪತಿ ಮರೆತ. ಏಳಕ್ಕೆ ಸರಿಯಾಗಿ ಸರ್ವರು ಆರಿತು; ಅದನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಡೆಮೋದ ಹೊತ್ತು ಮೀರಿತ್ತು.

"ಕೀಪ್ ಹಾಕಿದ್ಯಾ?" ಮೀಟಿಂಗಿನಲ್ಲಿ ರಮಾನಂದರು ಕೇಳಿದ್ದರು.

ಶ್ರೀಪತಿಯ ವರ್ಕ್ ಪರ್ಮಿಟ್ ಕಾಗದ ಆ ವಾರವೇ ಅವರ ಸಹಿಗೆ ಹೋಗಬೇಕಿತ್ತು. "ಹಾಕಿದ್ದೆ ಸರ್."

ಯಾರು ಯಾವಾಗ ಗುರುತು ಹಾಕಿದರೆಂಬ ದಾಖಲೆ ತಿಮ್ಮಪ್ಪನ ಪರದೆಯಲ್ಲೇ ಇತ್ತು. ಅದನ್ನು ನೋಡಿದ ಮೇಲೂ ಅವನು ಹೇಳಿದ್ದ. "ಹಂಗಾದ್ರೆ ನನ್ನ ಪ್ರೋಗ್ರಾಮಿಂದೇ ತಪ್ಪಿರ್ಬೇಕು ಸರ್."

ಶುಕ್ರವಾರದ ಹತ್ತು ನಿಮಿಷ ಅಂದೇ ರದ್ದಾಯಿತು. ಪ್ರೋಗ್ರಾಮನ್ನು ತೆಗೆಯಲು ಮಾತ್ರ ಯಾರಿಗೂ ಪುರಸೊತ್ತಾಗಲಿಲ್ಲ. ತಿಮ್ಮಪ್ಪ ಶ್ರೀಪತಿಗೆ ಒಂದೇ ಸಾಲು ಕಳಿಸಿದ್ದ: 'ಮುಂದಿನ ಸಲ ಮರೀಬೇಡ ಮಾರಾಯ.'

*

ಹನ್ನೊಂದು ನಲವತ್ತೈದು. ಬಾಗಿಲಲ್ಲಿದ್ದ ಸಿಬ್ಬಂದಿ ಕೈಗಡಿಯಾರ ತಟ್ಟಿ ತೋರಿಸಿದ. ಹನ್ನೆರಡೂಕಾಲಿಗೆ ಬೇರೆಯವರ ಸರದಿ.

ಶ್ರೀಪತಿ ಫೋನಿನಲ್ಲೇ ಆಫೀಸಿನ ಪುಟ ತೆರೆದು, ಪ್ರೋಗ್ರಾಮನ್ನು ತನ್ನ ಹೆಸರಿಗೆ ವರ್ಗಾಯಿಸಲು ಕೋರಿಕೆ ಕಳಿಸಿದ. ಅದಕ್ಕೆ ಮ್ಯಾನೇಜರ್ ಒಪ್ಪಿಗೆ ಬೇಕು. ಹೊರಗೆ ಹೋಗಿ ಮಾತಾಡಬಹುದಿತ್ತು. ಜಲಜಕ್ಕನ ಎದುರೇ ನಿಂತು ರಮಾನಂದರಿಗೆ ಕರೆ ಮಾಡಿದ. ಸ್ಪೀಕರ್ ಒತ್ತಿದ.

"ತಲೆ ಕೆಟ್ಟಿದ್ಯೇನಯ್ಯಾ?" ರಮಾನಂದರ ದನಿ ಹಜಾರದಲ್ಲಿ ಮೊಳಗಿತು. "ಡೆಮೋ ಹಾಳು ಮಾಡಿದ್ದು ಅದೇ ಪ್ರೋಗ್ರಾಮ್ ಅಲ್ವಾ?"

"ಅಲ್ಲ ಸರ್. ನಾನು ಕೀಪ್ ಹಾಕಿರ್ಲಿಲ್ಲ. ಹಾಕಿದ್ದೆ ಅಂತ ಸುಳ್ಳು ಹೇಳ್ದೆ."

ವಿಸ್ಮಯಾಳ ಕೈಯಲ್ಲಿದ್ದ ಫೋನು ಮೆಲ್ಲನೆ ಕೆಳಗಿಳಿಯಿತು. ಜಲಜಾ ಅವನತ್ತ ತಿರುಗಿದರು.

"ಪರ್ಮಿಟ್ ರಿನೀವಲ್ ಮುಂದಿನ ತಿಂಗಳು. ಸೈನ್ ಮಾಡ್ಬೇಕಾದೋನು ನಾನು. ನೆನಪಿದ್ಯಾ?"

"ಇದೆ ಸರ್. ಅಪ್ರೂವ್ ಮಾಡಿ. ಇನ್ನು ಹತ್ತೇ ನಿಮಿಷ."

ಕರೆ ಕಡಿಯಿತು. ಪುರೋಹಿತರ ಮಂತ್ರ ಸಾಗಿತ್ತು. ಶ್ರೀಪತಿ ಪರದೆ ನೋಡಿದ, ಗಡಿಯಾರ ನೋಡಿದ, ಮತ್ತೆ ಪರದೆ ನೋಡಿದ. ಹನ್ನೆರಡಕ್ಕೆ ಒಂದು ನಿಮಿಷವಿರುವಾಗ ಉತ್ತರ ಬಂತು: 'ಅಪ್ರೂವ್ಡ್. ಸೋಮವಾರ ಒಂಬತ್ತಕ್ಕೆ ಮೀಟಿಂಗ್. ಎಚ್‌ಆರ್ ಇರ್ತಾರೆ.'

"ಬಾಯಿಗೆ ಅಕ್ಕಿಕಾಳು ಹಾಕೋರು ಬನ್ನಿ," ಪುರೋಹಿತರು ಕರೆದರು.

ಜಲಜಾ ಹಾಕಿದರು, ವಿಸ್ಮಯಾ ಹಾಕಿದಳು. ಶ್ರೀಪತಿ ನಿಂತಲ್ಲೇ ಇದ್ದ. ಜಲಜಾ ತಟ್ಟೆ ಹಿಡಿದು ಅವನ ಮುಂದೆ ಬಂದರು. ಮುಖದಲ್ಲಿ ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು.

"ಕೈ ಕೊಡು."

ನಿಯಮದಂತೆ ಮೊದಲು ಸ್ಯಾನಿಟೈಸರ್ ಸುರಿದರು. ಆರುವವರೆಗೆ ಕಾಯಲಿಲ್ಲ; ಒದ್ದೆ ಅಂಗೈಗೇ ಅಕ್ಕಿ ಹಾಕಿ ಪಕ್ಕಕ್ಕೆ ಸರಿದರು. ಶ್ರೀಪತಿ ಪೆಟ್ಟಿಗೆಯ ಮೇಲೆ ಬಾಗಿ ಕೈ ಮಗುಚಿದ. ಒದ್ದೆ ಕೈಗೆ ಅಂಟಿದ ಅಕ್ಕಿ ಬೀಳಲಿಲ್ಲ. ಅವನು ಇನ್ನೊಂದು ಕೈಯ ಉಗುರಿನಿಂದ ಒಂದೊಂದೇ ಕಾಳನ್ನು ಬಿಡಿಸತೊಡಗಿದ.